ನಿಸಿಧಿ: ಕಲ್ಲಿಗಿಂತ ಹಳೆಯದಾದ ಒಂದು ಹೆಸರು

ಕರ್ನಾಟಕದ ಯಾವುದಾದರೂ ಊರಿನ ಹೊಲದ ಬದುವಿನಲ್ಲೋ ಕೆರೆಯ ಏರಿಯ ಮೇಲೋ ಕೆತ್ತನೆಯುಳ್ಳ ಹಳೆಯ ಕಲ್ಲು ಸಿಕ್ಕಿತೆಂದರೆ, ಮರುದಿನದ ಸುದ್ದಿಯಲ್ಲಿ ಅದು ಬಹುಮಟ್ಟಿಗೆ 'ವೀರಗಲ್ಲು' ಎಂದೇ ಪ್ರಕಟವಾಗುತ್ತದೆ. ಊರವರು ಅದಕ್ಕೆ ಕುಂಕುಮ ಹಚ್ಚುತ್ತಿದ್ದರೆ 'ಮಾಸ್ತಿ' ಎನ್ನಿಸಿಕೊಳ್ಳುವುದೂ ಉಂಟು. ವೀರಗಲ್ಲು, ಮಾಸ್ತಿಕಲ್ಲು ಎಂಬೆರಡು ಹೆಸರುಗಳು ಕನ್ನಡಿಗರ ನಾಲಗೆಗೆ ಸಲೀಸು. ಮೊದಲನೆಯದು ತನ್ನ ಅರ್ಥವನ್ನು ತಾನೇ ಹೇಳುತ್ತದೆ. ಎರಡನೆಯದು 'ಮಹಾಸತಿ' ಸವೆದು ಆದದ್ದೆಂದು ಒಮ್ಮೆ ತಿಳಿದರೆ ಸಾಕು, ಮರೆಯುವುದಿಲ್ಲ. ಮೂರನೆಯ ಹೆಸರೊಂದಿದೆ, ನಿಸಿಧಿ. ಸಲ್ಲೇಖನ ವ್ರತದಿಂದ, ಎಂದರೆ ಆಹಾರವನ್ನು ಹಂತಹಂತವಾಗಿ ತೊರೆದು, ಪ್ರಾಣ ಬಿಟ್ಟ ಜೈನ ಮುನಿಗಳ, ಅರ್ಜಿಕೆಯರೆಂಬ ಸಂನ್ಯಾಸಿನಿಯರ, ಗೃಹಸ್ಥರಾದ ಶ್ರಾವಕ ಶ್ರಾವಕಿಯರ ನೆನಪಿಗೆ ಮಾಡಿಸಿದ ಸ್ಮಾರಕಕ್ಕೆ ಅದು ಶಾಸನಗಳೇ ಕೊಟ್ಟಿರುವ ಹೆಸರು. ಈ ಪದ ಅರ್ಥವಾಗದ ಕಾರಣದಿಂದಲೇ ಆ ಕಲ್ಲುಗಳಲ್ಲಿ ಅನೇಕವು ತಪ್ಪು ಹೆಸರಿನಲ್ಲಿ ದಾಖಲಾಗುತ್ತಿವೆ. ಸರಿಯಾಗಿ ಗುರುತಿಸಿದವರೂ ಒಬ್ಬರು 'ನಿಷಧಿ', ಇನ್ನೊಬ್ಬರು 'ನಿಷಿದಿ', ಮತ್ತೊಬ್ಬರು 'ನಿಷಿದ್ಧಿ' ಎಂದು ಬರೆಯುತ್ತಾರೆ. ಕಡೆಯ ರೂಪವನ್ನು ಓದಿದ ಸಾಮಾನ್ಯ ಓದುಗ ಇದು ಏನೋ ನಿಷೇಧಕ್ಕೆ ಸಂಬಂಧಿಸಿದ ಕಲ್ಲಿರಬೇಕೆಂದು ಭಾವಿಸಿದರೆ ಅವನ ತಪ್ಪೇನೂ ಇಲ್ಲ, ಏಕೆಂದರೆ ಆ ಗೊಂದಲ ವಿದ್ವಾಂಸರದೇ, ಅದೂ ಬಹಳ ಹಳೆಯದು.

ಮೊದಲು ಕಲ್ಲನ್ನು ಹತ್ತಿರದಿಂದ ನೋಡೋಣ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗವಿರುತ್ತದೆ: ಕತ್ತಿ, ಗುರಾಣಿ, ಬಿಲ್ಲು, ಎಷ್ಟೋ ಕಡೆ ತುರುಗಳ ಹಿಂಡು. ನಡುವೆ ಅಪ್ಸರೆಯರು ವೀರನನ್ನು ತೋಳು ಹಿಡಿದು ಮೇಲಕ್ಕೊಯ್ಯುತ್ತಾರೆ. ತುದಿಯ ಪಟ್ಟಿಯಲ್ಲಿ ಅವನು ಸಾಮಾನ್ಯವಾಗಿ ಶಿವಲಿಂಗದ ಎದುರು ಕುಳಿತಿರುತ್ತಾನೆ. ನಿಸಿಧಿಯ ಕಲ್ಲೂ ಮೇಲ್ನೋಟಕ್ಕೆ ಅದೇ ಎತ್ತರದ್ದು, ಅದೇ ಬಗೆಯ ಪಟ್ಟಿಗಳುಳ್ಳದ್ದು. ಆದರೆ ಅದರಲ್ಲಿ ಅವಸರವೇ ಇಲ್ಲ. ಕೆಳಗಿನ ಪಟ್ಟಿಯಲ್ಲಿ ಇಬ್ಬರು ಎದುರುಬದುರಾಗಿ ಕುಳಿತಿರುತ್ತಾರೆ, ನಡುವೆ ಗ್ರಂಥವನ್ನಿಟ್ಟ ಠವಣೆಕೋಲು. ಒಬ್ಬರು ಆರಾಧನೆಯನ್ನು ಓದಿ ಹೇಳುವ ಗುರು, ಇನ್ನೊಬ್ಬರು ಕೈಮುಗಿದು ಕೇಳುತ್ತಿರುವ ವ್ರತಿ. ಮುನಿಯಾದರೆ ಪಕ್ಕದಲ್ಲಿ ನವಿಲುಗರಿಯ ಪಿಂಛ, ಕಮಂಡಲು. ಮೇಲಿನ ಪಟ್ಟಿಯಲ್ಲಿ ಮುಕ್ಕೊಡೆಯ ಕೆಳಗೆ ಪದ್ಮಾಸನದ ಜಿನ, ಎಡಬಲದಲ್ಲಿ ಚಾಮರಧಾರಿಗಳು. ಮಳೆ ಗಾಳಿಗೆ ಸವೆದ ಕಲ್ಲಿನಲ್ಲಿ ಠವಣೆಕೋಲು ಎರಡು ಅಡ್ಡಗೀಟುಗಳಷ್ಟೇ ಆಗಿ ಉಳಿದಿರುತ್ತದೆ, ಮತ್ತು ಆ ಗೀಟುಗಳನ್ನು ಕತ್ತಿಗಳೆಂದು ಓದಿಬಿಡುವುದು ತೀರ ಸುಲಭ.

ಇನ್ನೊಂದು ತೊಡಕೂ ಇದೆ. ಜೈನ ಕ್ಷೇತ್ರದಲ್ಲಿ ಸಿಕ್ಕಿದ ಸ್ಮಾರಕವೆಲ್ಲ ನಿಸಿಧಿಯಲ್ಲ. ಬಗೆಯೂರಿನ ಕಾಳಗದಲ್ಲಿ ಗಂಡ ಲೋಕವಿದ್ಯಾಧರನ ಜೊತೆ ಹೋರಾಡಿ ಮಡಿದ ಸಾವಿಯಬ್ಬೆಯ ಕಲ್ಲು ಶ್ರವಣಬೆಳಗೊಳದಲ್ಲಿದೆ. ಕುದುರೆಯೇರಿ ಕತ್ತಿಯೆತ್ತಿ ಆನೆಯ ಮೇಲಿನವನನ್ನು ಎದುರಿಸುತ್ತಿರುವ ಆಕೆ ಜಿನಭಕ್ತೆ. ಕಲ್ಲು ಮಾತ್ರ ಅಚ್ಚ ವೀರಗಲ್ಲು. ಸತ್ತವರ ಧರ್ಮ ಯಾವುದೆನ್ನುವುದು ಇಲ್ಲಿ ಕೆಲಸಕ್ಕೆ ಬಾರದು, ಅವರು ಸತ್ತ ಬಗೆ ಯಾವುದೆನ್ನುವುದನ್ನು ನೋಡಬೇಕು.

ಹಾಗಾದರೆ ಸಲ್ಲೇಖನದಿಂದ ಸತ್ತವರ ಕಲ್ಲನ್ನು ನಿಸಿಧಿ ಎನ್ನೋಣ ಎಂದರೆ, ನಿಸಿಧಿ ಎಂಬುದು ಎಲ್ಲೆಡೆ ಕಲ್ಲೂ ಅಲ್ಲ. ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟದ ಏಳು ಎಂಟನೆಯ ಶತಮಾನದ ಸ್ಮಾರಕಗಳಲ್ಲಿ ಬಹುಪಾಲು ಹಾಸುಬಂಡೆಯ ಮೇಲೆ ಕೊರೆದ ಕೆಲವೇ ಸಾಲುಗಳು. ನಿಲ್ಲಿಸಿದ ಕಲ್ಲಿಲ್ಲ, ಶಿಲ್ಪವಿಲ್ಲ; ಇಂಥವರು ಸನ್ಯಾಸನಂ ನೋಂತು ಮುಡಿಪಿದರ್, ಎಂದರೆ ವ್ರತ ಹಿಡಿದು ತೀರಿಕೊಂಡರು, ಎಂಬಷ್ಟು ಮಾತು. ಸಿರಿ, ರೂಪ, ವೈಭವಗಳು 'ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆಱವೋಲ್ ಮಂಜುವೋಲ್', ಎಂದರೆ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಮರೆಯಾಗುವುದನ್ನು ಕಂಡು ದೇಹ ಬಿಟ್ಟ ನಂದಿಸೇನ ಮುನಿಯ ಆ ಪ್ರಸಿದ್ಧ ಪದ್ಯವೂ ಹೀಗೆ ಬಂಡೆಯ ಮೈಮೇಲೆಯೇ ಇದೆ. ಕೊಪ್ಪಳದ ಗುಡ್ಡದ ಮೇಲೆ ಜೈನ ಆಚಾರ್ಯ ಜಟಾಸಿಂಹನಂದಿಯ ಸ್ಮಾರಕವೆಂದರೆ ಬಂಡೆಯಲ್ಲಿ ಕಡೆದ ಎರಡು ಪಾದಗಳು ಮತ್ತು ಅವನ್ನು ಚಾವಯ್ಯ ಮಾಡಿಸಿದನೆಂಬ ಒಂದು ವಾಕ್ಯ. ಹನ್ನೆರಡನೆಯ ಶತಮಾನಕ್ಕೆ ಬಂದರೆ ಚಂದ್ರಗಿರಿಯ ಮಂಟಪಗಳೊಳಗೆ ನಾಲ್ಕೂ ಮುಖಗಳಲ್ಲಿ ಅಕ್ಷರ ತುಂಬಿದ ಎತ್ತರದ ಕಂಬಗಳು ನಿಲ್ಲುತ್ತವೆ. 1176ರಲ್ಲಿ ತೀರಿಕೊಂಡ ನಯಕೀರ್ತಿ ಮುನಿಯ ನೆನಪಿಗೆ ಶಿಷ್ಯನಾದ ಮಂತ್ರಿ ನಾಗದೇವ ನಿಲ್ಲಿಸಿದ್ದು ಅಂಥದೊಂದು. ಮೂಡುಬಿದಿರೆಯ ಹತ್ತಿರದ ಕೊಡಂಗಲ್ಲಿಗೆ ಹೋದರೆ ಮೇಲೆ ಮೇಲೆ ಕಿರಿದಾಗುತ್ತ ಹೋಗುವ, ಅಂತಸ್ತುಗಳುಳ್ಳ ಕಲ್ಲಿನ ಕಟ್ಟಡಗಳೇ ಇವೆ. ಬಂಡೆಬರಹ, ಪಾದ, ಚಪ್ಪಡಿ, ಕಂಬ, ಮಂಟಪ, ಗೋರಿ ಇಷ್ಟೆಲ್ಲವನ್ನೂ ಒಂದೇ ಸೂರಿನಡಿ ತರುವ ಪದ ಆಕಾರವನ್ನು ಹೇಳುತ್ತಿರಲಾರದು. ಪದದ ಮೂಲವನ್ನು ಹುಡುಕುವ ಅಗತ್ಯ ಬರುವುದು ಇಲ್ಲಿಯೇ.

ಶಾಸನಗಳು ಈ ಪದವನ್ನು ಒಂದೇ ಬಗೆಯಲ್ಲಿ ಬರೆಯುವುದಿಲ್ಲ. ನಿಸಿದಿ, ನಿಸಿಧಿ, ನಿಸಿದಿಗೆ, ನಿಸಿಧಿಗೆ, ನಿಷಿಧಿ, ನಿಷಿಧಿಗೆ, ಸಂಸ್ಕೃತ ಭಾಗಗಳಲ್ಲಿ ನಿಷದ್ಯಾ, ನಿಷಿಧ್ಯಾಲಯ ಎಂಬ ರೂಪಗಳು ಸಿಗುತ್ತವೆ. ಈ ವೈವಿಧ್ಯದ ಹಿಂದೆ ಎರಡು ವ್ಯುತ್ಪತ್ತಿಗಳು ಒಂದನ್ನೊಂದು ಎಳೆದಾಡುತ್ತಿವೆ. ಒಂದರ ಪ್ರಕಾರ ಮೂಲ ಸಂಸ್ಕೃತದ 'ಸದ್' ಧಾತು, ಅಂದರೆ ಕುಳಿತುಕೊಳ್ಳುವುದು. 'ನಿ' ಸೇರಿ ನಿಷೀದತಿ, ನಿಷದ್ಯಾ ಮೊದಲಾದ ರೂಪಗಳಾಗುತ್ತವೆ. ಇನ್ನೊಂದರ ಪ್ರಕಾರ ಮೂಲ 'ಸಿಧ್' ಧಾತು. 'ನಿ' ಸೇರಿ ನಿಷೇಧ, ನಿಷಿದ್ಧ, ನೈಷೇಧಿಕೀ. ಮೊದಲನೆಯದನ್ನು ಹಿಡಿದರೆ ನಿಸಿಧಿ ಕುಳಿತ ಜಾಗ, ಎರಡನೆಯದನ್ನು ಹಿಡಿದರೆ ತ್ಯಾಗದ, ಅಂದರೆ ಲೌಕಿಕ ವ್ಯಾಪಾರಗಳನ್ನು ತಡೆದುಕೊಂಡದ್ದರ ಗುರುತು. ಪ್ರಾಕೃತದ ಆಧಾರಗಳನ್ನು ಕಲೆಹಾಕಿ ಈ ಪದದ ಅರ್ಥವನ್ನು ಚರ್ಚಿಸಿದವರಲ್ಲಿ ನಮ್ಮ ಸದಲಗಾದ ಪ್ರಾಕೃತ ವಿದ್ವಾಂಸ ಆ. ನೇ. ಉಪಾಧ್ಯೆ ಮುಖ್ಯರು, ಆಮೇಲೆ ಇತಿಹಾಸಕಾರ ಷ. ಶೆಟ್ಟರ್ ಶ್ರವಣಬೆಳಗೊಳದ ಸಲ್ಲೇಖನ ಶಾಸನಗಳನ್ನು ಒಂದೊಂದಾಗಿ ಪರಿಶೀಲಿಸಿ, ಅಲ್ಲಿನ ಸಾವಿನ ವಿಧಿಗಳ ಜೊತೆಗಿಟ್ಟು ಸ್ಮಾರಕಗಳನ್ನು ನೋಡಿದರು.

ಪದದ ಅತಿ ಹಳೆಯ ಸಾಕ್ಷ್ಯಗಳು ಕರ್ನಾಟಕದಲ್ಲಿಲ್ಲ, ಬಿಹಾರದಲ್ಲಿವೆ. ಅಶೋಕನ ಮೊಮ್ಮಗ ದಶರಥ ಗಯೆಯ ಬಳಿಯ ನಾಗಾರ್ಜುನಿ ಬೆಟ್ಟದಲ್ಲಿ ಆಜೀವಿಕರೆಂಬ ಸಂನ್ಯಾಸಿ ಪಂಥದವರಿಗೆ ಮೂರು ಗುಹೆಗಳನ್ನು ದಾನ ಮಾಡಿದಾಗ ಅವು 'ವಾಷ ನಿಷಿದಿಯಾಯೆ', ಎಂದರೆ ಮಳೆಗಾಲದಲ್ಲಿ ನೆಲೆಸುವುದಕ್ಕೆ ಎಂದು ಬರೆಸಿದ. ಇಲ್ಲಿ ಸಾವಿನ ಸುಳಿವಿಲ್ಲ, ನಿಷೇಧದ ಸುಳಿವೂ ಇಲ್ಲ, ಜೈನರದೂ ಅಲ್ಲ. ಸಂಚಾರ ನಿಲ್ಲಿಸಿ ನಾಲ್ಕು ತಿಂಗಳು ಕೂರುವ ಜಾಗ, ಅಷ್ಟೆ. ಮುಂದೆ ಒಡಿಶಾದ ಉದಯಗಿರಿಯಲ್ಲಿ ಕಳಿಂಗದ ದೊರೆ ಖಾರವೇಲನ ಹಾಥಿಗುಂಫಾ ಶಾಸನ 'ಅರಹತ ನಿಸೀದಿಯಾ ಸಮೀಪೇ' ಎನ್ನುತ್ತದೆ. ಅದು ಅರ್ಹಂತರ ನೆಲೆಯೋ ಅವರ ನೆನಪಿನ ಠಾವೋ ಎನ್ನುವುದು ಸವೆದ ಆ ಸಾಲುಗಳಿಂದ ಖಚಿತವಾಗದಿದ್ದರೂ, ಪದ ಆ ವೇಳೆಗೆ ಪೂಜ್ಯರ ಒಂದು ನಿರ್ದಿಷ್ಟ ಸ್ಥಳಕ್ಕೆ ಅಂಟಿಕೊಂಡಿತ್ತೆಂಬುದು ಸ್ಪಷ್ಟ. ಅಶೋಕನ ಏಳನೆಯ ಸ್ತಂಭಶಾಸನದಲ್ಲಿ ಬಾವಿಗಳ ಜೊತೆಗೆ ಬರುವ ಒಂದು ಪದವನ್ನೂ ಕೆಲವರು ಇದೇ ಎಂದು ತೆಗೆದುಕೊಂಡು ತಂಗುದಾಣವೆಂದು ಅರ್ಥ ಹೇಳಿದ್ದಾರೆ. ಆದರೆ ಅದನ್ನು ಮೆಟ್ಟಿಲುಗಳೆಂದು ಓದುವವರೂ ಇರುವುದರಿಂದ ಆ ಸಾಕ್ಷಿಯ ಮೇಲೆ ಹೆಚ್ಚು ಭಾರ ಹಾಕದಿರುವುದೇ ಮೇಲು.

ಇನ್ನು ಕನ್ನಡದ ಒಳಗಿನ ಸಾಕ್ಷ್ಯ. ಉತ್ತರ ಭಾರತದ ಚರ್ಚೆಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲವೆಂದು ನನ್ನ ಅಭಿಪ್ರಾಯ. ಮಲ್ಲಿಕಾ ಮಲ್ಲಿಗೆಯಾದಂತೆ, ದೀಪಿಕಾ ದೀವಿಗೆಯಾದಂತೆ, ಪಾದುಕಾ ಹಾವುಗೆಯಾದಂತೆ, 'ನಿಸಿದಿಗೆ'ಯ ಕೊನೆಯ 'ಗೆ' ಮೂಲದಲ್ಲಿ 'ಕಾ' ಇತ್ತೆಂಬುದನ್ನು ಹೇಳುತ್ತದೆ. ಷಕಾರ ಸಕಾರವಾಗುವುದೂ ಮಹಾಪ್ರಾಣ ಅಲ್ಪಪ್ರಾಣವಾಗುವುದೂ ಕೇಶಿರಾಜನ ಅಪಭ್ರಂಶ ಪ್ರಕರಣ ಓದಿದವರಿಗೆ ಪರಿಚಿತವಾದ ಬದಲಾವಣೆಗಳೇ. ಹೀಗಾಗಿ ಮೂಲ ನಿಷೀದಿಕಾ ಅಥವಾ ನಿಷೀಧಿಕಾ ಎಂಬಂಥ ರೂಪವಾಗಿರಬೇಕು. ತಮಿಳುನಾಡಿನ ಸೆಂಜಿಯ ಹತ್ತಿರದ ತಿರುನಾಥರ್‌ಕುಂಡ್ರು ಬಂಡೆಯ ಮೇಲೆ ಐವತ್ತೇಳು ದಿನ ಅನಶನ ನೋಂತ ಚಂದ್ರನಂದಿ ಆಚಾರ್ಯರ 'ನಿಸೀದಿಕೈ' ಎಂಬ ಪುರಾತನ ಬರಹವಿದೆ. ತಮಿಳಿನ 'ಕೈ' ಮತ್ತು ಕನ್ನಡದ 'ಗೆ' ಒಂದೇ ಮೂಲದತ್ತ ಬೊಟ್ಟು ಮಾಡುತ್ತವೆ. ಅದಕ್ಕಿಂತ ಮುಖ್ಯವಾಗಿ, ತಮಿಳು ರೂಪದಲ್ಲಿ 'ಸೀ' ದೀರ್ಘವಾಗಿದೆ. ಖಾರವೇಲನ ನಿಸೀದಿಯಾದಲ್ಲಿಯೂ, ಪ್ರಾಕೃತ ಗ್ರಂಥಗಳ ನಿಸೀಹಿಯಾ, ನಿಸೀಧಿಯಾ ರೂಪಗಳಲ್ಲಿಯೂ ಅದು ದೀರ್ಘವೇ. ನಿಷೀದತಿ ಎಂಬ ಕ್ರಿಯಾಪದದಲ್ಲಿ ಈ ದೀರ್ಘ ಸಹಜವಾಗಿಯೇ ಇದೆ. ನಿಷೇಧ, ನೈಷೇಧಿಕೀ ಎಂಬಲ್ಲಿಂದ ಹೊರಟರೆ ಪ್ರಾಕೃತದಲ್ಲಿ 'ಸೇ' ಉಳಿಯಬೇಕಿತ್ತು. ಅದು ಏಕೆ 'ಸೀ' ಆಯಿತೆಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ.

ಹಾಗೆಂದು 'ಧ'ಕಾರವನ್ನು ಬದಿಗಿಡುವಂತಿಲ್ಲ. 'ಸದ್' ಧಾತುವಿನಲ್ಲಿ ಇಲ್ಲದ ಮಹಾಪ್ರಾಣ ನಿಸಿಧಿಯಲ್ಲಿ ಎಲ್ಲಿಂದ ಬಂತು? ಕರ್ನಾಟಕದ ಜೈನರು ದಿಗಂಬರರು, ಅವರ ಹಳೆಯ ಗ್ರಂಥಗಳ ಭಾಷೆ ಶೌರಸೇನಿ ಪ್ರಾಕೃತ. ಅಲ್ಲಿ ರೂಪ ನಿಸೀಧಿಯಾ. ಶ್ವೇತಾಂಬರರ ಅರ್ಧಮಾಗಧಿಯಲ್ಲಿ, 'ಸಾಧು' ಎಂಬುದು 'ಸಾಹು' ಆಗುವ ರೀತಿಯಲ್ಲಿ, ಅದೇ ಪದ ನಿಸೀಹಿಯಾ. ಅಂದರೆ ಎರಡು ಪರಂಪರೆಗಳೂ ಬೇರೆ ಬೇರೆಯಾಗುವ ಹೊತ್ತಿಗೇ ಮಹಾಪ್ರಾಣ ಪದದೊಳಗೆ ಬಂದು ಸೇರಿತ್ತು. ಕುಳಿತುಕೊಳ್ಳುವ ಜಾಗದ ಹೆಸರಿನ ಮೇಲೆ ನಿಷೇಧದ ನೆರಳು ಅಷ್ಟು ಹಿಂದೆಯೇ ಬಿದ್ದಿತ್ತೆಂದು ತಿಳಿಯುವುದೇ ಹೆಚ್ಚು ಯುಕ್ತ. ಶ್ವೇತಾಂಬರ ಟೀಕಾಕಾರರು ಅದನ್ನು ನೈಷೇಧಿಕೀ ಎಂದು ಸಂಸ್ಕೃತಕ್ಕೆ ತಿರುಗಿಸಿದರು. ಇಂದಿಗೂ ಶ್ವೇತಾಂಬರ ಶ್ರಾವಕರು ಬಸದಿಯ ಹೊಸ್ತಿಲು ದಾಟುವಾಗ 'ನಿಸೀಹಿ' ಎಂದು ಮೂರು ಸಲ ಹೇಳುವುದಕ್ಕೆ ಲೌಕಿಕ ವ್ಯವಹಾರವನ್ನು ಹೊರಗೇ ಬಿಟ್ಟೆ ಎಂಬ ಅರ್ಥವನ್ನೇ ಹೇಳಿಕೊಡಲಾಗುತ್ತದೆ. ಆದರೆ ಮುನಿಗಳು ಸಹಿಸಬೇಕಾದ ಕಷ್ಟಗಳ, ಅಂದರೆ ಇಪ್ಪತ್ತೆರಡು ಪರೀಷಹಗಳ, ಪಟ್ಟಿಯಲ್ಲಿ ಅರ್ಧಮಾಗಧಿ 'ನಿಸೀಹಿಯಾ' ಎನ್ನುವಲ್ಲಿ ಉಮಾಸ್ವಾತಿಯ ಸಂಸ್ಕೃತ ಸೂತ್ರ 'ನಿಷದ್ಯಾ' ಎನ್ನುತ್ತದೆ. ಅಲ್ಲಿರುವುದು ನಿರ್ಜನ ಸ್ಥಳದಲ್ಲಿ ಅಲುಗಾಡದೆ ಕೂರುವ ಕಷ್ಟ. ಪ್ರಾಕೃತದ ಪದವನ್ನು ಸಂಸ್ಕೃತಕ್ಕೆ ಮರಳಿಸುವಾಗ ದಾರಿ ತಪ್ಪುವುದು ಅಪರೂಪವೇನಲ್ಲ. 'ನಿಸೀಹ' ಎಂಬ ಪ್ರಾಯಶ್ಚಿತ್ತದ ಆಗಮವೊಂದು, ಅಂದರೆ ಜೈನ ಧರ್ಮಗ್ರಂಥವೊಂದು, ಸಂಸ್ಕೃತದಲ್ಲಿ 'ನಿಶೀಥ', ಎಂದರೆ ನಡುರಾತ್ರಿ, ಎಂಬ ಹೆಸರು ಪಡೆದು ಕುಳಿತಿದೆ.

ಕೂರುವ ಜಾಗ ಸಾವಿನ ಜಾಗವಾದದ್ದು ಹೇಗೆ ಎಂಬುದನ್ನು ತೋರಿಸುವ ಕೊಂಡಿ ಶಿವಾರ್ಯನ ಭಗವತೀ ಆರಾಧನೆಯಲ್ಲಿದೆ. ಸಲ್ಲೇಖನ ಕೈಗೊಂಡ ಕ್ಷಪಕನ ಸೇವೆ, ಆಹಾರವನ್ನು ಹಂತಹಂತವಾಗಿ ಇಳಿಸುವ ಕ್ರಮ, ಪ್ರಾಣ ಹೋದ ಮೇಲೆ ಸಂಘ ಮಾಡಬೇಕಾದದ್ದು, ಇವೆಲ್ಲವನ್ನೂ ಹೇಳುವ ಆ ಗ್ರಂಥ ದೇಹವನ್ನಿಡುವ ತಾಣವನ್ನು ನಿಸೀಧಿಯಾ ಎಂದು ಕರೆದು ಅದರ ಲಕ್ಷಣವನ್ನು ಕೊಡುತ್ತದೆ. ಅದು ಏಕಾಂತವಾಗಿರಬೇಕು, ಬೆಳಕಿರಬೇಕು, ಊರಿಗೆ ತೀರ ದೂರವೂ ತೀರ ಹತ್ತಿರವೂ ಇರಬಾರದು, ವಿಸ್ತಾರವಾಗಿರಬೇಕು. ಮುನಿಗಳ ವಸತಿಯಿಂದ ನೈಋತ್ಯ, ದಕ್ಷಿಣ ಇಲ್ಲವೇ ಪಶ್ಚಿಮಕ್ಕಿದ್ದರೆ ಪ್ರಶಸ್ತ. ಈ ವಿವರಣೆಯಲ್ಲಿ ಕಲ್ಲಿನ ಮಾತೇ ಇಲ್ಲದಿರುವುದನ್ನು ಗಮನಿಸಬೇಕು. ವ್ರತಿ ಕಡೆಯದಾಗಿ ಕುಳಿತ, ಮಲಗಿದ, ಅವನ ದೇಹವನ್ನಿಟ್ಟ ನೆಲವೇ ನಿಸಿಧಿ. ಕಲ್ಲು ಆ ನೆಲದ ಗುರುತಾಗಿ ಆಮೇಲೆ ಬಂತು, ಹೆಸರು ನೆಲದಿಂದ ಕಲ್ಲಿಗೆ ಏರಿತು. ಚಂದ್ರಗಿರಿಯ ಹಾಸುಬಂಡೆಯ ಬರಹಗಳಿಗೂ ಕೊಪ್ಪಳದ ಪಾದಗಳಿಗೂ ಮಂಟಪದೊಳಗಿನ ಕಂಬಗಳಿಗೂ ಒಂದೇ ಹೆಸರು ಒಪ್ಪುವುದು ಈ ಕಾರಣದಿಂದ.

ನೆಲದ ನಂಟೂ ಕ್ರಮೇಣ ಸಡಿಲವಾಯಿತು. ಗಂಗರ ಮಾರಸಿಂಹ ರಾಜ್ಯ ಬಿಟ್ಟು ಸುಮಾರು 974ರಲ್ಲಿ ಬಂಕಾಪುರದಲ್ಲಿ, ಅಜಿತಸೇನರ ಸನ್ನಿಧಿಯಲ್ಲಿ ಮೂರು ದಿನ ನೋಂತು ತೀರಿಕೊಂಡ. ಅದನ್ನು ಹೇಳುವ ಶಾಸನವಿರುವುದು ಮಾತ್ರ ಅಲ್ಲಿಂದ ಬಹಳ ದೂರದ ಚಂದ್ರಗಿರಿಯ ಕೂಗೆ ಬ್ರಹ್ಮದೇವರ ಕಂಬದ ಮೇಲೆ. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ 'ಪರೋಕ್ಷವಿನಯ' ಎಂಬ ಪಾರಿಭಾಷಿಕ ಪದಕ್ಕೆ ಇಲ್ಲಿ ಅರ್ಥ ಹೊಳೆಯುತ್ತದೆ: ಕಣ್ಣೆದುರಿಗಿಲ್ಲದವರಿಗೆ ಸಲ್ಲಿಸುವ ಗೌರವ. ಪರೋಕ್ಷವಿನಯಕ್ಕಾಗಿ ನಿಸಿಧಿಯನ್ನು ಮಾಡಿಸಿದ ಎಂದಾಗ ನಿಸಿಧಿ ಮಾಡಿಸಬಹುದಾದ, ನಿಲ್ಲಿಸಬಹುದಾದ ವಸ್ತುವಾಗಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ 1121ರಿಂದ 1123ರೊಳಗೆ ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮಿ, ಗುರು ಶುಭಚಂದ್ರ ಮೂವರನ್ನೂ ಕಳೆದುಕೊಂಡು ಮೂವರ ಸ್ಮಾರಕಗಳನ್ನೂ ಬೆಳಗೊಳದಲ್ಲಿ ಮಾಡಿಸಿದ. ನಿಸಿಧಿ ಸಂನ್ಯಾಸಿಗಳಿಗೆ ಮಾತ್ರ ಮೀಸಲೆಂಬ ಊಹೆಗೆ ಈ ತಾಯಿಯೂ ಹೆಂಡತಿಯೂ ಸಾಕಷ್ಟು ಉತ್ತರ. ನಿಸಿಧಿಯನ್ನು ಇಂದಿನ ಕನ್ನಡದ 'ಸಮಾಧಿ'ಯಿಂದ ವಿವರಿಸುವ ರೂಢಿಯೂ ಅಷ್ಟು ಸರಿಯಲ್ಲ. ಶಾಸನಗಳಲ್ಲಿ ಸಮಾಧಿಯೆಂದರೆ ಸಾಯುವ ವಿಧಿ, ನಮಗೀಗ ಅದು ದೇಹ ಹೂಳಿದ ಜಾಗ. ನಿಸಿಧಿಯ ಕೆಳಗೆ ದೇಹ ಇರಲೇಬೇಕೆಂಬ ನಿಯಮವಿಲ್ಲ.

ಉತ್ತರದಲ್ಲಿ ಇದೇ ಪದದ ಬದುಕು ಬೇರೆ ದಾರಿ ಹಿಡಿಯಿತು. ಅಜ್ಮೀರದ ಪ್ರಸಿದ್ಧ ಸೋನೀಜೀ ಕೀ ನಸಿಯಾಂ ನೋಡಿದ ಕನ್ನಡಿಗರು ಆ 'ನಸಿಯಾ' ನಮ್ಮ ನಿಸಿದಿಗೆಯ ಒಡಹುಟ್ಟೆಂದು ಊಹಿಸಿರಲಾರರು. ಊರಾಚೆ ಮುನಿಗಳ ನೆನಪಿನ ತಾಣವಾಗಿದ್ದದ್ದು ಅಲ್ಲಿ ಊರಾಚೆಯ ಬಸದಿಗೇ ಹೆಸರಾಯಿತು. ಇದೂ ಪದದ ತಿರುಳು ಸ್ಥಳವೆಂಬುದಕ್ಕೆ ಪುರಾವೆ.

ಈ ಚರ್ಚೆಯನ್ನು ಈಗ ಎತ್ತಿಕೊಳ್ಳಲು ಕಾರಣಗಳಿವೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಂಥಾರಾ, ಅಂದರೆ ಸಲ್ಲೇಖನವನ್ನು ಆತ್ಮಹತ್ಯೆಯ ವರ್ಗಕ್ಕೆ ಸೇರಿಸಿ ತೀರ್ಪಿತ್ತಿತು. ಅದೇ ತಿಂಗಳ ಕೊನೆಯ ದಿನ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಆಗಿನಿಂದ ಎರಡೂ ಕಡೆಯ ವಾದಗಳಲ್ಲಿ ನಿಸಿಧಿಗಳು ಸಾಕ್ಷಿಗಳಾಗಿ ಬರುತ್ತಿವೆ. ಆಚರಣೆ ಪುರಾತನವಾದದ್ದು, ಬಹಿರಂಗವಾಗಿ ಸಂಘದ ಎದುರು ನಡೆಯುತ್ತಿದ್ದದ್ದು, ಸಮಾಜ ಅದನ್ನು ಗೌರವಿಸಿ ಬರೆದಿಟ್ಟದ್ದು ಎಂಬಷ್ಟನ್ನು ಈ ಕಲ್ಲುಗಳು ನಿಸ್ಸಂದೇಹವಾಗಿ ಹೇಳುತ್ತವೆ. ವ್ರತವನ್ನು ಯಾವಾಗ ಕೈಗೊಳ್ಳಬಹುದೆಂಬುದಕ್ಕೆ ಜೈನ ಆಚಾರ್ಯ ಸಮಂತಭದ್ರ ಹಾಕಿದ ಷರತ್ತುಗಳನ್ನು, ಎಂದರೆ ಪರಿಹಾರವೇ ಇಲ್ಲದ ಉಪಸರ್ಗ (ವಿಪತ್ತು), ಬರಗಾಲ, ಮುಪ್ಪು, ರೋಗ ಎಂಬುವನ್ನು, ಅವುಗಳ ಜೊತೆಗಿಟ್ಟು ಓದಬೇಕು. ಆದರೆ ನಿಸಿಧಿ ಎಂಬ ಪದಕ್ಕೆ ನಿಷೇಧ, ತ್ಯಾಗ ಎಂಬ ಅರ್ಥವಿರುವುದರಿಂದಲೇ ಈ ಮರಣ ಆತ್ಮಹತ್ಯೆಯಲ್ಲ ಎಂದು ವಾದಿಸಹೊರಡುವುದು ತೊಡಕಿನ ದಾರಿ. ಆ ವ್ಯುತ್ಪತ್ತಿ ದುರ್ಬಲವೆಂದು ಎದುರಾಳಿ ತೋರಿಸಿದ ಕೂಡಲೇ ವಾದವೂ ಕುಸಿಯುತ್ತದೆ. ಇಂಥ ಪ್ರಶ್ನೆಯನ್ನು ಪದದ ಧಾತುವಿನಿಂದ ಬಗೆಹರಿಸಲಾಗದು. ಶಾಸನಗಳು ವರ್ಣಿಸುವ ವಿಧಿಯನ್ನು, ಗುರುವಿನ ಅನುಮತಿ, ಕಾಲಾವಧಿ, ಸಾಕ್ಷಿಗಳನ್ನು ಮುಂದಿಟ್ಟುಕೊಂಡೇ ಮಾತಾಡಬೇಕು.

ಇನ್ನೊಂದು ಕಾರಣ ದಾಖಲೆಯದು. ಶಾಸನಗಳು ಈಗ ಕಂಪ್ಯೂಟರಿಗೆ ಏರುತ್ತಿವೆ. ಮಿಥಿಕ್ ಸೊಸೈಟಿ ಎಂಬ ಸಂಶೋಧನ ಸಂಸ್ಥೆ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್‌ನಿಂದ ದಾಖಲಿಸುತ್ತಿದೆ. ರಾಜ್ಯದ ಶಾಸನಗಳನ್ನು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಊರೂರಿನ ಹವ್ಯಾಸಿ ಸಂಶೋಧಕರು ಮೊಬೈಲಿನಲ್ಲೇ ಚಿತ್ರ ತೆಗೆದು ಹಂಚಿಕೊಳ್ಳುತ್ತಾರೆ. ಹುಡುಕುವುದು ಪದದಿಂದ. 'ನಿಸಿಧಿ' ಎಂದು ಹುಡುಕಿದವರಿಗೆ 'ನಿಷಧಿ' ಎಂದು ದಾಖಲಾದ ಕಲ್ಲು ಸಿಗುವುದಿಲ್ಲ, 'ವೀರಗಲ್ಲು' ಎಂದು ದಾಖಲಾದದ್ದಂತೂ ಎಂದೆಂದಿಗೂ ಸಿಗುವುದಿಲ್ಲ. ಸಂಪಾದಕರು ಶಾಸನದ ಪಾಠದಲ್ಲಿ ಕಲ್ಲಿನ ಮೇಲಿರುವ ಕಾಗುಣಿತವನ್ನು ತಿದ್ದದೆ ಉಳಿಸಬೇಕು. 'ನಿಸಿದಿಗೆ' ಎಂದಿದ್ದರೆ ಅದನ್ನು 'ನಿಷಿದ್ಧಿಕೆ' ಎಂದು ಸಂಸ್ಕರಿಸಿದ ಕ್ಷಣವೇ, ಮೇಲೆ ಹೇಳಿದ ವಾದಕ್ಕೆ ಬೇಕಾದ ಸಾಕ್ಷ್ಯ ಅಳಿಸಿಹೋಗುತ್ತದೆ. ಸೂಚಿಯಲ್ಲಿ ಮಾತ್ರ ಎಲ್ಲ ರೂಪಗಳನ್ನೂ ಒಂದೇ ಶೀರ್ಷಿಕೆಯ ಕೆಳಗೆ ತರಬೇಕು. ಆ ಶೀರ್ಷಿಕೆಗೆ ಕನ್ನಡದ ಶಾಸನಗಳಲ್ಲಿ ಬಳಕೆಯಾಗಿರುವ, ಉಚ್ಚಾರಕ್ಕೂ ಸುಲಭವಾದ 'ನಿಸಿಧಿ'ಯೇ ಸಾಕು.

ಬರಹವಿಲ್ಲದ ಕಲ್ಲುಗಳ ಪ್ರಶ್ನೆ ಇದಕ್ಕಿಂತ ಕಠಿಣ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯಿದೆಯಾಗಲಿ ಕೇಂದ್ರದ 1958ರ ಕಾಯಿದೆಯಾಗಲಿ ಗಟ್ಟಿಯಾದ ರಕ್ಷಣೆ ಕೊಡುವುದು ಅಧಿಸೂಚಿತ ಸ್ಮಾರಕಗಳಿಗೆ. ಹೊಲದ ನಡುವಿನ ಒಂಟಿ ಕಲ್ಲು ಆ ಪಟ್ಟಿಗೆ ಬರುವುದು ವಿರಳ. ಅದನ್ನು ದೇವಸ್ಥಾನದ ಅಂಗಳಕ್ಕೋ ತಾಲ್ಲೂಕು ಕಚೇರಿಯ ಆವರಣಕ್ಕೋ ಸಾಗಿಸಿದರೆ ಕಲ್ಲು ಉಳಿಯುತ್ತದೆಂಬುದು ನಿಜ. ವೀರಗಲ್ಲಿನ ವಿಷಯದಲ್ಲಿ ಅದರಿಂದಾಗುವ ನಷ್ಟ ಒಂದು ಮಟ್ಟದ್ದು, ನಿಸಿಧಿಯ ವಿಷಯದಲ್ಲಿ ಇನ್ನೂ ದೊಡ್ಡದು. ಭಗವತೀ ಆರಾಧನೆ ಹೇಳುವ ದಿಕ್ಕು, ದೂರಗಳನ್ನು ಕರ್ನಾಟಕದಲ್ಲಿ ಎಷ್ಟರಮಟ್ಟಿಗೆ ಪಾಲಿಸಿದರೆಂಬುದನ್ನು ಪರೀಕ್ಷಿಸಬೇಕಾದರೆ ಕಲ್ಲು ಇದ್ದ ಜಾಗವೇ ಬೇಕು. ಹತ್ತಿರದ ಬಸದಿಯ ಪಾಯ ಎಲ್ಲಿತ್ತು, ಅದರಿಂದ ಈ ಕಲ್ಲು ನೈಋತ್ಯಕ್ಕಿತ್ತೋ ಈಶಾನ್ಯಕ್ಕಿತ್ತೋ ಎಂಬುದು ಬೇಕು. ಈಗ ಕೈಯಲ್ಲಿರುವ ಮೊಬೈಲು ಅಕ್ಷಾಂಶ ರೇಖಾಂಶಗಳನ್ನು ತಾನೇ ಬರೆದುಕೊಳ್ಳುವಾಗ, ಕಲ್ಲನ್ನು ಅಲುಗಿಸುವ ಮೊದಲು ಅದು ನಿಂತಿದ್ದ ಠಾವನ್ನೂ ಮುಖಮಾಡಿದ್ದ ದಿಕ್ಕನ್ನೂ ಗುರುತು ಹಾಕಿಕೊಳ್ಳಲು ಒಂದು ನಿಮಿಷವೂ ಹಿಡಿಯುವುದಿಲ್ಲ.